ಊಹೆ ಮೊದಲು, ಹೆಸರು ಕೊನೆಗೆ: 5ರಿಂದ 8 ವರ್ಷದ ಮಕ್ಕಳಿಗೆ ಭೌತ ವಿಜ್ಞಾನ ಕಲಿಸುವ ಬಗೆ

ಕಲ್ಲು ನೀರಿನಲ್ಲಿ ಯಾಕೆ ಮುಳುಗಿತು ಎಂದು ಆರು ವರ್ಷದ ಮಗುವನ್ನು ಕೇಳಿದರೆ "ಅದು ಭಾರ ಇದೆ" ಎಂಬ ಉತ್ತರ ಬರುತ್ತದೆ. ಎಲೆ ಯಾಕೆ ತೇಲಿತು? "ಹಗುರ ಇದೆ." ಮಗು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುತ್ತಿಲ್ಲ. ಸ್ನಾನದ ಬಕೆಟ್ಟು, ಮಳೆನೀರಿನ ಗುಂಡಿ, ಕೆರೆಯ ದಂಡೆಯಲ್ಲಿ ಕಂಡದ್ದನ್ನೆಲ್ಲ ಸೇರಿಸಿ ತಾನೇ ಕಟ್ಟಿಕೊಂಡ ನಿಯಮ ಅದು. ಅದನ್ನು ತಪ್ಪೆಂದು ತಳ್ಳಿ "ಸಾಂದ್ರತೆ" ಎಂಬ ಪದವನ್ನು ಬಾಯಿಪಾಠ ಮಾಡಿಸಿದರೆ ಪದ ಬಾಯಲ್ಲಿರುತ್ತದೆ, ಹಳೆಯ ನಿಯಮ ಮನಸ್ಸಿನಲ್ಲಿ ಹಾಗೇ ಇರುತ್ತದೆ. ಅದರ ಬದಲು ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ ಮತ್ತು ಒಂದು ಗುಂಡುಪಿನ್ನನ್ನು ಮಗುವಿನ ಕೈಗೆ ಕೊಟ್ಟು, "ಯಾವುದು ಮುಳುಗುತ್ತೆ ಹೇಳು" ಎಂದು ಕೇಳಿ ನೀರಿಗೆ ಬಿಡಿಸಿದರೆ, ಆ ನಿಯಮಕ್ಕೆ ಏನು ಕೊರತೆಯಿದೆ ಎಂಬುದು ಮಗುವಿಗೇ ಕಾಣುತ್ತದೆ.

ಈ ಮಾರ್ಗದರ್ಶಿಯ ಎಲ್ಲ ಚಟುವಟಿಕೆಗಳೂ ಇದೇ ಕ್ರಮದಲ್ಲಿವೆ. ಮೊದಲು ಮಗು ಊಹಿಸಬೇಕು, ಆಮೇಲೆ ಮಾಡಿ ನೋಡಬೇಕು, ಕಂಡದ್ದನ್ನು ತನ್ನ ಮಾತಿನಲ್ಲೇ ಹೇಳಬೇಕು. ಶಾಸ್ತ್ರದ ಹೆಸರು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಬಾರಿ ಆ ವರ್ಷ ಹೆಸರು ಬೇಕಾಗುವುದೇ ಇಲ್ಲ.

ಕೇಳುವ ರೀತಿ

ಸಾಮಾನು ಜೋಡಿಸುವ ಮೊದಲು ಪ್ರಶ್ನೆಗಳನ್ನು ಸರಿಮಾಡಿಕೊಳ್ಳಿ. "ಯಾಕೆ?" ಎಂದು ಶುರು ಮಾಡಿದರೆ ಈ ವಯಸ್ಸಿನ ಹೆಚ್ಚಿನ ಮಕ್ಕಳು ದೊಡ್ಡವರ ಮುಖ ನೋಡುತ್ತಾರೆ. ಸರಿಯುತ್ತರ ಒಂದೇ ಇದೆ, ಅದು ದೊಡ್ಡವರಿಗೆ ಗೊತ್ತಿದೆ ಎಂಬುದು ಅವರಿಗೆ ತಿಳಿದಿರುತ್ತದೆ. "ಈಗ ಏನಾಗುತ್ತೆ ಅನ್ಸುತ್ತೆ?", "ಏನಾಯ್ತು?", "ನೀನು ಅಂದುಕೊಂಡ ಹಾಗೇ ಆಯ್ತಾ?", "ಅದನ್ನ ಮುಳುಗಿಸಬೇಕು ಅಂದ್ರೆ ಏನು ಮಾಡ್ಬೇಕು?" ಎಂಬ ಪ್ರಶ್ನೆಗಳಿಗೆ ಮಾತು ತಾನಾಗಿ ಹೊರಡುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮೂರು ಎಣಿಸುವಷ್ಟರಲ್ಲಿ ನಾವೇ ಉತ್ತರ ಕೊಟ್ಟುಬಿಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಊಹೆಯನ್ನು ಬಾಯಿಮಾತಿಗೆ ಬಿಡಬೇಡಿ. ಫಲಿತಾಂಶ ಕಂಡ ಮೇಲೆ "ನಾನು ಅದೇ ಹೇಳಿದ್ದೆ" ಎನ್ನುವುದು ಮಕ್ಕಳಿಗೆ ಸಹಜ, ಆಗ ಬೆರಗು ಹುಟ್ಟುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ವೃತ್ತ ಬರೆದು, ಒಂದರಲ್ಲಿ "ತೇಲುತ್ತೆ", ಇನ್ನೊಂದರಲ್ಲಿ "ಮುಳುಗುತ್ತೆ" ಎಂದು ಬರೆಯಿರಿ. ಓದು ಬಾರದವರಿಗೆ ನೀರಿನ ಗೆರೆಯ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ ಸಾಕು. ಪ್ರತಿ ವಸ್ತುವನ್ನೂ ಮೊದಲು ಆ ವೃತ್ತದಲ್ಲಿ ಇಡಿಸಿ, ಆಮೇಲಷ್ಟೇ ನೀರಿಗೆ.

ತೇಲುವುದು, ಮುಳುಗುವುದು

ಇದಕ್ಕೆ ನಾಲ್ಕು ದಿನ ಮೀಸಲಿಡಿ, ದಿನಕ್ಕೆ ಅರ್ಧ ಗಂಟೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿದರೆ ನೀರಾಟ ಆಗುತ್ತದೆಯೇ ಹೊರತು ಮಕ್ಕಳು ಒಂದರ ಜೊತೆ ಇನ್ನೊಂದನ್ನು ಹೋಲಿಸುವುದಿಲ್ಲ.

ಬೇಕಾದದ್ದು: ಕನಿಷ್ಠ 20 ಸೆಂ.ಮೀ. ಆಳಕ್ಕೆ ನೀರು ತುಂಬಿದ ಬಕೆಟ್ಟು ಅಥವಾ ಟಬ್ಬು. ಆಳ ಕಡಿಮೆಯಾದರೆ ದೊಡ್ಡ ವಸ್ತುಗಳು ತಳಕ್ಕೆ ತಾಗಿ ನಿಂತು, ತೇಲಿದವೋ ಮುಳುಗಿದವೋ ಗೊತ್ತಾಗುವುದಿಲ್ಲ. ನಾಲ್ಕು ಮಕ್ಕಳಿಗೆ ಒಂದು ಬಕೆಟ್ಟು. ಒಂದು ಹಳೆ ಟವೆಲ್, ನೆಲ ಒರೆಸಲು ಬಟ್ಟೆ.

ಮೊದಲ ಹತ್ತು ನಿಮಿಷ ಏನನ್ನೂ ಕೇಳದೆ ಆಡಲು ಬಿಡಿ. ನೀರು ಕಂಡ ಕೂಡಲೇ ಕೈ ಆಡಿಸುವ ಆಸೆ ತೀರದೆ ಯಾವ ಮಗುವೂ ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ.

ಮೊದಲ ದಿನ ವಸ್ತುಗಳ ಆಯ್ಕೆಯೇ ಪಾಠ. ಕಲ್ಲು, ಎಲೆ, ಮೊಳೆ, ಕಾಗದ ಎಂದು ಆರಿಸಿದರೆ "ಭಾರ ಮುಳುಗುತ್ತೆ, ಹಗುರ ತೇಲುತ್ತೆ" ಎಂಬ ನಿಯಮವೇ ಗಟ್ಟಿಯಾಗುತ್ತದೆ. ಆ ನಿಯಮವನ್ನು ಅಲುಗಾಡಿಸುವ ವಸ್ತುಗಳು ಬೇಕು. ಭಾರವಿದ್ದೂ ತೇಲುವವು: ತೆಂಗಿನಕಾಯಿ, ಸಣ್ಣ ಕುಂಬಳಕಾಯಿ, ಸೌದೆ ತುಂಡು. ಹಗುರವಿದ್ದೂ ಮುಳುಗುವವು: ಗುಂಡುಪಿನ್ನು, ದ್ರಾಕ್ಷಿ, ಸಣ್ಣ ಬೆಣಚುಕಲ್ಲು. ಇವುಗಳ ಜೊತೆ ಒಂದು ಮೇಣದಬತ್ತಿ, ಒಂದು ಸ್ಟೀಲ್ ಚಮಚ, ಒಂದು ಖಾಲಿ ಸ್ಟೀಲ್ ಲೋಟ. ಟೊಮೆಟೊ ಬೇಡ. ಒಂದು ತೇಲಿದರೆ ಇನ್ನೊಂದು ಮುಳುಗುತ್ತದೆ, ಆರಂಭದಲ್ಲೇ ಗೊಂದಲವಾಗುತ್ತದೆ. ಪ್ರತಿ ವಸ್ತುವನ್ನೂ ನೀರಿಗೆ ಬಿಡುವ ಮೊದಲು ಎಲ್ಲರೂ ಕೈಯಲ್ಲಿ ಎತ್ತಿ ನೋಡಲಿ.

ಇಲ್ಲೊಂದು ಎಚ್ಚರ. ಗುಂಡುಪಿನ್ನನ್ನು ಮೆಲ್ಲಗೆ ಅಡ್ಡಡ್ಡ ಇಟ್ಟರೆ ನೀರಿನ ಮೇಲ್ಮೈಯೇ ಅದನ್ನು ಹಿಡಿದುಕೊಳ್ಳುತ್ತದೆ, ಮುಳುಗುವುದಿಲ್ಲ. ಅದು ತೇಲುವುದಲ್ಲ, ಬೇರೆಯೇ ಸಂಗತಿ. ಆದ್ದರಿಂದ ಎಲ್ಲ ವಸ್ತುಗಳಿಗೂ ಒಂದೇ ಪದ್ಧತಿ ಇರಲಿ: ನೀರಿನೊಳಗೆ ಪೂರ್ತಿ ಮುಳುಗಿಸಿ ಹಿಡಿದು, ಆಮೇಲೆ ಕೈಬಿಡಬೇಕು. ಮೇಲೆ ಬಂದರೆ ತೇಲಿತು, ಕೆಳಗೆ ಹೋದರೆ ಮುಳುಗಿತು. ಖಾಲಿ ಲೋಟಕ್ಕೆ ಮಾತ್ರ ಈ ಪದ್ಧತಿ ಹೊಂದುವುದಿಲ್ಲ, ಒಳಗೆ ನೀರು ತುಂಬಿಬಿಡುತ್ತದೆ. "ಹಾಗಾದರೆ ಲೋಟ ತೇಲುತ್ತಾ, ಮುಳುಗುತ್ತಾ?" ಎಂಬ ಜಗಳ ಶುರುವಾದರೆ ನಿಲ್ಲಿಸಬೇಡಿ, ನಾಳೆಯ ಪಾಠಕ್ಕೆ ಅದೇ ಬಾಗಿಲು.

ಎರಡನೇ ದಿನ ಆಕಾರ. ಎಣ್ಣೆ ಬೆರೆಸಿ ಮಾಡಿದ ಬಣ್ಣದ ಕ್ಲೇ ಸುಮಾರು 100 ಗ್ರಾಂ ಕೊಡಿ. ಹಿಟ್ಟಿನ ಕ್ಲೇ ನೀರಿನಲ್ಲಿ ಕರಗುತ್ತದೆ, ಹಸಿ ಜೇಡಿಮಣ್ಣೂ ಸಡಿಲವಾಗುತ್ತದೆ, ಅವು ಬೇಡ. ಮೊದಲು ಉಂಡೆ ಮಾಡಿಸಿ ಹಾಕಿಸಿ, ಮುಳುಗುತ್ತದೆ. "ಇದೇ ಕ್ಲೇ, ಒಂದು ಚೂರೂ ತೆಗೆಯೋ ಹಾಗಿಲ್ಲ, ತೇಲಿಸಿ ನೋಡೋಣ" ಎಂದು ಹೇಳಿ ಬಿಟ್ಟುಬಿಡಿ. ಹೆಚ್ಚಿನವರು ಮೊದಲು ರೊಟ್ಟಿಯಂತೆ ತಟ್ಟುತ್ತಾರೆ, ಅದೂ ಮುಳುಗುತ್ತದೆ. ಅಂಚನ್ನು ಎತ್ತಿ ಗೋಡೆ ಮಾಡುವ ಯೋಚನೆ ಯಾರಿಗಾದರೂ ಒಬ್ಬರಿಗೆ ಬರುತ್ತದೆ. ಸುಮಾರು 8 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಗೋಡೆ, ಮೂರು ನಾಲ್ಕು ಮಿ.ಮೀ. ದಪ್ಪ ಇದ್ದರೆ ದೋಣಿ ನಿಲ್ಲುತ್ತದೆ. ಸೋತರೆ ಕಾರಣ ಬಹುತೇಕ ಮೂರರಲ್ಲೊಂದು: ಗೋಡೆ ಗಿಡ್ಡ, ತಳ ದಪ್ಪ, ಇಲ್ಲವೇ ಮೂಲೆಯಲ್ಲಿ ಕಾಣದ ಬಿರುಕು. ಬಿರುಕನ್ನು ಮಗುವೇ ಹುಡುಕಲಿ.

ತೇಲಿದ ದೋಣಿಗೆ ಹುಣಸೆಬೀಜಗಳನ್ನು ಒಂದೊಂದಾಗಿ ಹಾಕಿಸಿ. ಎಷ್ಟು ಹಿಡಿಯಿತು? ದೋಣಿ ಎಷ್ಟು ಕೆಳಗಿಳಿಯಿತು? ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿಸಿ. ಏಳೆಂಟು ವರ್ಷದವರು ಇನ್ನೂ ಒಂದು ಹೆಜ್ಜೆ ಹೋಗಬಹುದು: ದೊಡ್ಡ ದೋಣಿ ಮಾಡಿದರೆ ಹೆಚ್ಚು ಬೀಜ ಹಿಡಿಯುತ್ತದೆಯೇ? ನೀರನ್ನು ಹೆಚ್ಚು ಸರಿಸಿದಷ್ಟೂ ಹೆಚ್ಚು ಭಾರ ಹೊರಬಲ್ಲದು ಎಂಬ ಮಾತಿನ ಹತ್ತಿರಕ್ಕೆ ಅವರು ತಾವೇ ಬರುತ್ತಾರೆ.

ಕ್ಲೇ ಸಿಗದಿದ್ದರೆ 15 ಸೆಂ.ಮೀ. ಚೌಕದ ಅಲ್ಯೂಮಿನಿಯಂ ಹಾಳೆಯೂ ಆಗುತ್ತದೆ. ಆದರೆ ಅದನ್ನು ಸುಮ್ಮನೆ ಮುದುಡಿ ಉಂಡೆ ಮಾಡಿದರೆ ಮುಳುಗುವುದಿಲ್ಲ, ಮಡಿಕೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರಿನೊಳಗೇ ಹಿಡಿದು, ಒಂದೊಂದು ಮಡಿಕೆಯನ್ನೂ ಒತ್ತಿ ಗುಳ್ಳೆ ಹೊರಡಿಸಿದರೆ ಮುಳುಗುತ್ತದೆ. ಇದನ್ನು ತಿಳಿಯದೆ ಮಾಡಿದಾಗ ಪ್ರಯೋಗ ಕೈಕೊಡುತ್ತದೆ. ತಿಳಿದು ಮಾಡಿದರೆ ಗುಳ್ಳೆ ಹೊರಡುವುದನ್ನು ನೋಡುವುದೇ ಒಳ್ಳೆಯ ಪಾಠ.

ಮೂರನೇ ದಿನ ಒಂದು ಕಿತ್ತಳೆ. ಸಿಪ್ಪೆ ಸಮೇತ ತೇಲುತ್ತದೆ, ಸುಲಿದರೆ ಮುಳುಗುತ್ತದೆ. ಸಿಪ್ಪೆ ತೆಗೆದ ಮೇಲೆ ತೂಕ ಕಡಿಮೆಯಾಯಿತು, ಆದರೂ ಮುಳುಗಿತು. ಭಾರದ ನಿಯಮಕ್ಕೆ ಇದಕ್ಕಿಂತ ನೇರವಾದ ಸವಾಲು ಬೇರೆ ಇಲ್ಲ. ಸಿಪ್ಪೆಯೊಳಗಿನ ಬಿಳಿ ಪದರವನ್ನು ಮುರಿದು ನೋಡಲಿ, ನೀರಿನೊಳಗೆ ಹಿಂಡಿ ಗುಳ್ಳೆ ಬರುತ್ತದೆಯೇ ಪರೀಕ್ಷಿಸಲಿ.

ನಾಲ್ಕನೇ ದಿನ ಉಪ್ಪುನೀರು. ಎರಡು ಗಾಜಿನ ಲೋಟಗಳಲ್ಲಿ ತಲಾ 250 ಮಿ.ಲೀ. ನೀರು, ಒಂದಕ್ಕೆ 50 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗುವವರೆಗೆ ಕಲಕಿ. 2 ಸೆಂ.ಮೀ. ಗಾತ್ರದ ಆಲೂಗಡ್ಡೆ ತುಂಡು ಸಾದಾ ನೀರಿನಲ್ಲಿ ಮುಳುಗಿ, ಉಪ್ಪುನೀರಿನಲ್ಲಿ ತೇಲುತ್ತದೆ. ಕಲ್ಲುಪ್ಪು ಕರಗಲು ಹೊತ್ತು ಹಿಡಿಯುತ್ತದೆ, ಆತುರಪಟ್ಟು ಅರ್ಧ ಕರಗಿದಾಗಲೇ ಹಾಕಿದರೆ ತುಂಡು ತಳಕ್ಕೆ ಹೋಗುತ್ತದೆ. ಮೊಟ್ಟೆಯಿಂದ ಮಾಡುವುದಾದರೆ ತಾಜಾ ಮೊಟ್ಟೆಯೇ ಬೇಕು. ಹಳೆಯ ಮೊಟ್ಟೆಯೊಳಗಿನ ತೇವ ಆರಿ ಗಾಳಿಯ ಜಾಗ ಹೆಚ್ಚಿರುವುದರಿಂದ ಅದು ಸಾದಾ ನೀರಿನಲ್ಲೇ ಮೇಲೇಳುತ್ತದೆ. ಉಪ್ಪುನೀರಿನ ಮೇಲೆ ಸಾದಾ ನೀರನ್ನು ಚಮಚದ ಬೆನ್ನ ಮೇಲಿಂದ ಬಹಳ ನಿಧಾನವಾಗಿ ಇಳಿಬಿಟ್ಟರೆ ಆಲೂಗಡ್ಡೆ ಲೋಟದ ನಡುವೆಯೇ ನಿಲ್ಲುತ್ತದೆ. ಆ ಕ್ಷಣ ಮಕ್ಕಳು ಸುತ್ತ ಸೇರಿ ಬಗ್ಗಿ ನೋಡುತ್ತಾರೆ, ಯಾರಾದರೂ ಕಲಕುವ ಮೊದಲು ಎಲ್ಲರಿಗೂ ಕಾಣುವಂತೆ ನೋಡಿಕೊಳ್ಳಿ.

ಒಂದು ಮಿತಿಯನ್ನು ನೆನಪಿಡಿ. ಗಿಡ್ಡ ಲೋಟದ ನೀರನ್ನು ಎತ್ತರದ ಕಿರಿದಾದ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತು ಎಂದು ಐದಾರು ವರ್ಷದವರು ಪ್ರಾಮಾಣಿಕವಾಗಿ ನಂಬುತ್ತಾರೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ವಿವರವಾಗಿ ತೋರಿಸಿದರು. ಅಂಥ ಮಗುವಿಗೆ "ಅಷ್ಟೇ ಗಾತ್ರದ ನೀರಿಗಿಂತ ಭಾರ" ಎಂಬ ವಿವರಣೆ ಹಿಡಿತಕ್ಕೆ ಸಿಗುವುದಿಲ್ಲ. "ಭಾರ ಒಂದೇ ನೋಡಿದ್ರೆ ಸಾಲದು, ಆಕಾರಾನೂ ನೋಡ್ಬೇಕು, ಒಳಗೆ ಗಾಳಿ ಇದೆಯಾ ನೋಡ್ಬೇಕು" ಎಂದು ಮಗು ಹೇಳಿದರೆ ಆ ವರ್ಷಕ್ಕೆ ಸಾಕು.

ಗಾಳಿಗೂ ಜಾಗ ಬೇಕು

"ಈ ಬಾಟಲಿಯಲ್ಲಿ ಏನಿದೆ?" "ಏನೂ ಇಲ್ಲ." ಇಲ್ಲಿಂದ ಶುರು.

ಗಾಜಿನ ಲೋಟದ ತಳಕ್ಕೆ ಒಣ ಕಾಗದವನ್ನು ಮುದ್ದೆ ಮಾಡಿ ಬಿಗಿಯಾಗಿ ತುರುಕಿ. ಬೋರಲು ಹಾಕಿದಾಗ ಬೀಳದಷ್ಟು ಬಿಗಿ ಇರಲಿ, ಸಡಿಲವಿದ್ದರೆ ನೀರಿಗೆ ಬಿದ್ದು ಎಲ್ಲ ಕೆಡುತ್ತದೆ. ಲೋಟವನ್ನು ಬೋರಲು ಹಿಡಿದು ನೇರವಾಗಿ ಬಕೆಟ್ಟಿನ ನೀರಿನೊಳಗೆ ಒತ್ತಿ, ನೇರವಾಗಿಯೇ ಮೇಲೆತ್ತಿ. ಕಾಗದ ಒಣಗಿಯೇ ಇರುತ್ತದೆ. ಮಕ್ಕಳು ಮಾಡುವಾಗ ಲೋಟ ವಾಲುತ್ತದೆ, ಗುಳ್ಳೆ ಹೊರಟು ಕಾಗದ ನೆನೆಯುತ್ತದೆ. ಗದರಬೇಡಿ, "ಆ ಗುಳ್ಳೆ ಎಲ್ಲಿಂದ ಬಂತು?" ಎಂದು ಕೇಳಿ. ವಾಲಿದ ಲೋಟವೇ ಹೆಚ್ಚು ಕಲಿಸುತ್ತದೆ.

ಮುಂದಿನದು ಬಾಟಲಿ ಮತ್ತು ಆಲಿಕೆ. ಬಾಟಲಿಯ ಬಾಯಿಗೆ ಆಲಿಕೆ ಇಟ್ಟು, ಸುತ್ತಲಿನ ಸಂದನ್ನು ಚಪಾತಿ ಹಿಟ್ಟಿನಿಂದ ಸಂಪೂರ್ಣ ಮುಚ್ಚಿ. ಆಲಿಕೆ ತುಂಬುವಂತೆ ಒಮ್ಮೆಲೇ ನೀರು ಸುರಿದರೆ ನೀರು ಆಲಿಕೆಯಲ್ಲೇ ನಿಲ್ಲುತ್ತದೆ. ಹಿಟ್ಟಿಗೆ ಕಡ್ಡಿಯಿಂದ ಒಂದು ತೂತು ಮಾಡಿದ ಕೂಡಲೇ ಸರ್ರನೆ ಇಳಿಯುತ್ತದೆ. ತೂತು ಮಾಡದೆಯೇ ನೀರು ಇಳಿದರೆ ಹಿಟ್ಟಿನಲ್ಲಿ ಸಂದಿದೆ, ಇಲ್ಲವೇ ಆಲಿಕೆಯ ಕೊಳವೆ ಅಗಲವಾಗಿದ್ದು ಗಾಳಿ ಅದರಲ್ಲೇ ಮೇಲೆ ಬರುತ್ತಿದೆ. ಪೆನ್ಸಿಲಿಗಿಂತ ಸಣ್ಣ ಕೊಳವೆಯ ಆಲಿಕೆ ಆರಿಸಿ.

ಔಷಧಿ ಅಂಗಡಿಯಿಂದ ಹೊಸದಾಗಿ ತಂದು, ಸೂಜಿ ತೆಗೆದುಹಾಕಿದ 10 ಮಿ.ಲೀ. ಸಿರಿಂಜ್ ಇದ್ದರೆ ಇನ್ನೂ ಚೆನ್ನ. ಗಾಳಿ ಎಳೆದು, ತುದಿಗೆ ಬೆರಳು ಒತ್ತಿ ಹಿಡಿದು ತಳ್ಳಿದರೆ ಸುಮಾರು ಅರ್ಧದಷ್ಟು ಒಳಗೆ ಹೋಗಿ, ಬಿಟ್ಟಾಗ ಹಿಂದೆ ಬರುತ್ತದೆ. ನೀರು ತುಂಬಿ ತಳ್ಳಿದರೆ ಜಗ್ಗುವುದೇ ಇಲ್ಲ. ಬಳಸಿ ಬಿಟ್ಟ ಸಿರಿಂಜ್ ಯಾವ ಕಾರಣಕ್ಕೂ ಬೇಡ.

ಎರಡು ಪ್ರಯೋಗಗಳನ್ನು ಬಿಟ್ಟುಬಿಡಿ. ಒಂದು, ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿಗೆ ಲೋಟ ಬೋರಲು ಹಾಕಿ, ನೀರು ಮೇಲೇರಿದ್ದನ್ನು "ಆಮ್ಲಜನಕ ಖಾಲಿಯಾಯಿತು" ಎಂದು ವಿವರಿಸುವುದು. ನೀರು ಏರುವುದಕ್ಕೆ ಮುಖ್ಯ ಕಾರಣ ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣ್ಣಗಾಗಿ ಕುಗ್ಗುವುದು. ಆ ತಪ್ಪು ವಿವರಣೆ ಒಮ್ಮೆ ಮನಸ್ಸಿಗೆ ಹೋದರೆ ಹೈಸ್ಕೂಲಿನವರೆಗೂ ಕೂತಿರುತ್ತದೆ. ಇನ್ನೊಂದು, ಕಡ್ಡಿಯ ಎರಡು ತುದಿಗೆ ಬಲೂನು ಕಟ್ಟಿ ಗಾಳಿಯ ತೂಕ ತೋರಿಸುವುದು. ಊದಿದ ಬಲೂನನ್ನು ಸುತ್ತಲಿನ ಗಾಳಿಯೂ ಮೇಲಕ್ಕೆ ತಳ್ಳುವುದರಿಂದ ಕಾಣುವ ವ್ಯತ್ಯಾಸ ತೀರ ಸಣ್ಣದು, ಫ್ಯಾನಿನ ಗಾಳಿಗೇ ಕಡ್ಡಿ ಅದಕ್ಕಿಂತ ಹೆಚ್ಚು ವಾಲುತ್ತದೆ.

ನೆರಳಿನ ಲೆಕ್ಕ

ಖರ್ಚಿಲ್ಲದೆ ವರ್ಷವಿಡೀ ಮಾಡಬಹುದಾದ, ನಮ್ಮ ಅಕ್ಷಾಂಶದಲ್ಲಿ ವಿಶೇಷವಾಗಿ ಸೊಗಸಾದ ಪಾಠ ಇದು. ಹೊರದೇಶದ ಪುಸ್ತಕಗಳನ್ನು ನೋಡಿ "ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ" ಎಂದು ಹೇಳಿಕೊಟ್ಟರೆ ಕರ್ನಾಟಕದಲ್ಲಿ ತಪ್ಪಾಗುತ್ತದೆ.

ಹೊಲದ ಬದಿಯ ಅಥವಾ ಶಾಲೆಯ ಅಂಗಳದಲ್ಲಿ, ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಮರ ಕಟ್ಟಡಗಳ ನೆರಳು ಬೀಳದ ಸಮತಟ್ಟಾದ ಜಾಗ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಅರ್ಧ ದಿನ ಕಳೆದ ಮೇಲೆ ಗೋಡೆಯ ನೆರಳು ಬಂದು ಎಲ್ಲ ವ್ಯರ್ಥವಾಗುವುದೇ ಹೆಚ್ಚು. ಡಬ್ಬಿಗೆ ಮರಳು ತುಂಬಿ, ಮರಳಿನ ಮೇಲೆ ಸರಿಯಾಗಿ 30 ಸೆಂ.ಮೀ. ಕಾಣುವಂತೆ ನೇರವಾದ ಕಡ್ಡಿ ಊರಿದರೆ ಒಂದು ತೊಂದರೆ: ನೆಲದ ಮೇಲೆ ಬೀಳುವ ನೆರಳಿಗೆ ಕಡ್ಡಿಯ ಜೊತೆ ಡಬ್ಬಿಯ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಅದಕ್ಕಿಂತ ಮಣ್ಣಿನ ನೆಲದಲ್ಲೇ ಊರಿ, ನೆಲದ ಮೇಲೆ 30 ಸೆಂ.ಮೀ. ಇರುವಂತೆ ನೋಡಿಕೊಳ್ಳುವುದು ಸರಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಕಡ್ಡಿ ವಾಲಿಲ್ಲ ಎಂದು ಎರಡು ಕಡೆಯಿಂದ ಪರೀಕ್ಷಿಸಿ.

ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಸಣ್ಣ ಕಲ್ಲಿಟ್ಟು, ಕೆಳಗೆ ಸಮಯ ಬರೆದ ಚೀಟಿ ಇಡಿಸಿ. ಪ್ರತಿ ಬಾರಿಯೂ ಮುಂದಿನ ಗಂಟೆಗೆ ತುದಿ ಎಲ್ಲಿರುತ್ತದೆ ಎಂದು ಪ್ರತಿ ಮಗುವೂ ತನ್ನ ಹೆಸರಿನ ಕಡ್ಡಿ ಚುಚ್ಚಲಿ. ಮೊದಲ ಎರಡು ಊಹೆ ಎಲ್ಲೆಲ್ಲೋ ಹೋಗುತ್ತವೆ, ಹನ್ನೊಂದರ ಹೊತ್ತಿಗೆ ಕಡ್ಡಿಗಳು ಒಂದೆಡೆ ಸೇರತೊಡಗುತ್ತವೆ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಆರಂಭದಲ್ಲೇ ಹೇಳಿ. ನೋಡುವ ಅಗತ್ಯವೂ ಇಲ್ಲ, ಅವನು ಯಾವ ಕಡೆ ಇದ್ದಾನೆಂದು ನೆರಳೇ ಹೇಳುತ್ತದೆ.

"ಹನ್ನೆರಡು ಗಂಟೆಗೆ ನೆರಳೇ ಇರಲ್ಲ" ಎಂದು ಮಕ್ಕಳೂ ದೊಡ್ಡವರೂ ಹೇಳುತ್ತಾರೆ. ಅಳೆಯಲಿ. ಬೆಂಗಳೂರಿನಲ್ಲಿ 30 ಸೆಂ.ಮೀ. ಕಡ್ಡಿಗೆ ಡಿಸೆಂಬರ್ 21ರ ಸುಮಾರಿಗೆ ಅತಿ ಗಿಡ್ಡ ನೆರಳೂ 22 ಸೆಂ.ಮೀ. ಇರುತ್ತದೆ, ಉತ್ತರಕ್ಕೆ ಬೀಳುತ್ತದೆ. ಜೂನ್ 21ರ ಸುಮಾರಿಗೆ ಅದು 5.5 ಸೆಂ.ಮೀ., ಬೀಳುವುದು ದಕ್ಷಿಣಕ್ಕೆ. ನಡುವೆ ಎರಡು ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಬುಡದಲ್ಲೇ ಅಡಗುತ್ತದೆ. ಉತ್ತರಕ್ಕೆ ಹೋದಂತೆ ದಿನ ಬದಲಾಗುತ್ತದೆ. ಬೀದರಿನಲ್ಲಿ ಮೊದಲನೆಯದು ಮೇ ಎರಡನೇ ವಾರಕ್ಕೆ ಬರುತ್ತದೆ. ಆಗಸ್ಟಿನಲ್ಲಿ ಮೋಡ ಹೆಚ್ಚು, ಏಪ್ರಿಲ್ ಮೇ ತಿಂಗಳಲ್ಲಿ ಶಾಲೆಗೆ ರಜೆ. ಆದ್ದರಿಂದ ಅದನ್ನು ಮನೆಯಲ್ಲಿ ಮಾಡುವ ಕೆಲಸವಾಗಿ ಕೊಡಿ.

ಅತಿ ಗಿಡ್ಡ ನೆರಳು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಪಶ್ಚಿಮಕ್ಕೆ ಒಂದೊಂದು ಡಿಗ್ರಿಗೂ ನಾಲ್ಕು ನಿಮಿಷ ತಡ. ಬೆಂಗಳೂರಿಗೆ ಸುಮಾರು 20 ನಿಮಿಷ, ಮಂಗಳೂರಿಗೆ ಸುಮಾರು 30 ನಿಮಿಷ, ಅದರ ಮೇಲೆ ತಿಂಗಳಿಂದ ತಿಂಗಳಿಗೆ ಕಾಲು ಗಂಟೆಯವರೆಗೂ ಹಿಂದುಮುಂದು. ಹಾಗಾಗಿ 12ರಿಂದ 12.50ರವರೆಗೆ ಹತ್ತು ನಿಮಿಷಕ್ಕೊಮ್ಮೆ ಗುರುತು ಹಾಕಿಸಿ. ಈ ವಿವರಣೆ ಕಲಿಸುವವರಿಗಾಗಿ ಮಾತ್ರ. ಮಕ್ಕಳಿಗೆ ಗಿಡ್ಡ ನೆರಳು ಯಾವ ಗುರುತಿನದು ಎಂದು ತಾವೇ ಕಂಡುಕೊಂಡರೆ ಸಾಕು, ಭೂಮಿ ತಿರುಗುವ ಮಾತು ಈಗ ಬೇಡ.

ಮಳೆಗಾಲದಲ್ಲಿ ಕತ್ತಲೆ ಕೋಣೆ ಮತ್ತು ಮೊಬೈಲ್ ಟಾರ್ಚ್. ಕೈಯನ್ನು ಟಾರ್ಚಿಗೆ ಹತ್ತಿರ ತಂದಂತೆ ನೆರಳು ದೊಡ್ಡದು, ಗೋಡೆಗೆ ಹತ್ತಿರ ಒಯ್ದಂತೆ ಚಿಕ್ಕದು. ಒಂದೇ ದೀಪದ ಟಾರ್ಚ್ ಬೇಕು. ಹಲವು ಸಣ್ಣ ಎಲ್‌ಇಡಿ ಇರುವ ಟಾರ್ಚಿನಲ್ಲಿ ನೆರಳಿನ ಅಂಚು ಒಡೆದು ಹಲವಾಗಿ ಕಾಣುತ್ತದೆ.

ಅಯಸ್ಕಾಂತ

ಹಳೆಯ ಸ್ಪೀಕರಿನ ಉಂಗುರದ ಅಯಸ್ಕಾಂತ ಸಾಕು, ಬಾಯಿಗೆ ಹೋಗದಷ್ಟು ದೊಡ್ಡದು. ಗೋಲಿಯಷ್ಟು ಸಣ್ಣ, ಬಲವಾದ ಬೆಳ್ಳಿಬಣ್ಣದ ಅಯಸ್ಕಾಂತಗಳನ್ನು ಈ ವಯಸ್ಸಿನವರಿಗೆ ಕೊಡಲೇಬೇಡಿ. ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಅಂಟಿ ಜೀವಕ್ಕೇ ಅಪಾಯ. ಬಟನ್ ಸೆಲ್‌ಗಳೂ ಹಾಗೇ ದೂರವಿರಲಿ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಮಕ್ಕಳ ನಿಯಮ "ಲೋಹ ಎಲ್ಲಾ ಅಂಟುತ್ತೆ" ಎಂಬುದು. ಅಡುಗೆಮನೆಯೇ ಪ್ರಯೋಗಶಾಲೆ: ಕಬ್ಬಿಣದ ದೋಸೆ ಕಾವಲಿ, ಹಿತ್ತಾಳೆ ಚೊಂಬು, ತಾಮ್ರದ ಬಿಂದಿಗೆ, ಅಲ್ಯೂಮಿನಿಯಂ ಪಾತ್ರೆ. ಸ್ಟೀಲ್ ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ, ಏಕೆಂದರೆ ಸ್ಟೀಲಿನಲ್ಲಿ ಬೆರೆಸಿದ ಲೋಹಗಳು ಬೇರೆ ಬೇರೆ. ಇದು ಪ್ರಯೋಗದ ದೋಷವಲ್ಲ; ಮೊದಲೇ ನೀವು ಪರೀಕ್ಷಿಸಿ ಎರಡೂ ಬಗೆಯದನ್ನು ಒಂದೊಂದು ಇಟ್ಟುಕೊಳ್ಳಿ. ಕೊನೆಗೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಒಣ ಮರಳಿನಲ್ಲಿ ಎಳೆಸಿ. ಹೆಚ್ಚಿನ ಮರಳಿನಲ್ಲಿ ಕಪ್ಪು ಕಣಗಳು ಮೆತ್ತಿಕೊಳ್ಳುತ್ತವೆ. ಕವರಿಲ್ಲದೆ ಎಳೆದರೆ ಆ ಕಣಗಳನ್ನು ಬಿಡಿಸುವುದು ಬಹಳ ಕಷ್ಟ.

ಹೆಚ್ಚು ಮಕ್ಕಳಿದ್ದಾಗ, ಬರೆದಿಡುವಾಗ

ನಲಿ-ಕಲಿ ತರಗತಿಯಂತೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗಿದ್ದರೆ ಪ್ರತಿ ಗುಂಪಿನಲ್ಲೂ ಬರೆಯಬಲ್ಲ ಒಬ್ಬರಿರುವಂತೆ ನಾಲ್ವರನ್ನು ಸೇರಿಸಿ. ಒಬ್ಬರು ಸಾಮಾನು ತರುವುದು, ಒಬ್ಬರು ಮಾಡುವುದು, ಒಬ್ಬರು ಎಣಿಸುವುದು, ಒಬ್ಬರು ಬರೆಯುವುದು. ಮರುದಿನ ಕೆಲಸ ಅದಲುಬದಲಾಗಲಿ, ಇಲ್ಲದಿದ್ದರೆ ಮುಂದಾಳಾದ ಮಗುವೇ ಎಲ್ಲವನ್ನೂ ಮಾಡಿ ಉಳಿದವರು ನೋಡುತ್ತ ಕೂರುತ್ತಾರೆ. ಹುಡುಗಿಯರ ಪಾಲಿಗೆ ಬರೆಯುವ, ಒರೆಸುವ ಕೆಲಸವೇ ಬೀಳದಂತೆ ಕಣ್ಣಿಡಿ.

ಬರಹ ಒಂದು ಪುಟಕ್ಕಿಂತ ಹೆಚ್ಚು ಬೇಡ. ಎಡಕ್ಕೆ "ನಾನು ಅಂದುಕೊಂಡದ್ದು", ಬಲಕ್ಕೆ "ಆದದ್ದು", ಎರಡೂ ಚಿತ್ರದಲ್ಲಿ. ತಪ್ಪಿದ ಊಹೆಯನ್ನು ಅಳಿಸಲು ರಬ್ಬರ್ ಕೊಡಬೇಡಿ, ಕೆಂಪು ಶಾಯಿಯ ಗುರುತನ್ನೂ ಹಾಕಬೇಡಿ. ಊಹೆ ತಪ್ಪಿದ್ದಕ್ಕೆ ಅಂಕ ಹೋಗುತ್ತದೆಂದು ಮಗುವಿಗೆ ಅನ್ನಿಸಿದರೆ ಮುಂದಿನ ಬಾರಿ ಪಕ್ಕದವರ ಊಹೆಯನ್ನೇ ನೋಡಿ ಬರೆಯುತ್ತದೆ.

ಕಲಿತರೋ ಇಲ್ಲವೋ ಎಂದು ತಿಳಿಯಲು ವ್ಯಾಖ್ಯೆ ಕೇಳಬೇಡಿ. ಎರಡು ವಾರ ಬಿಟ್ಟು, ಅವರು ಇನ್ನೂ ನೀರಿಗೆ ಹಾಕಿ ನೋಡಿರದ ವಸ್ತುವೊಂದನ್ನು ಮುಂದಿಡಿ. ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಸ್ಟೀಲ್ ಡಬ್ಬಿ ಒಳ್ಳೆಯದು. ಮಗು ಅದನ್ನು ಎತ್ತಿ ನೋಡಿ ಕೂಡಲೇ "ಭಾರ, ಮುಳುಗುತ್ತೆ" ಎಂದರೆ ಕ್ಲೇ ದೋಣಿಯನ್ನು ಮತ್ತೊಮ್ಮೆ ಮಾಡಿಸಿ. "ಮುಚ್ಚಳ ತೆಗೆದು ಒಳಗೆ ನೋಡ್ಲಾ?" ಎಂದು ಕೇಳಿದರೆ ಮುಂದಿನ ಪಾಠಕ್ಕೆ ಹೋಗಬಹುದು.